ಯಾಕೋಬನು ಸುಲಿದ ‘ಲೂಜ್’ ಕೋಲು ಯಾವ ಮರದ್ದು? ಬಾದಾಮಿಯೋ ಹೇಝಲೋ?

ಚೌಕದ_ಟೀಚರ್
ನಮ್ಮ ಚರ್ಚಿನ ಭಾನುವಾರದ ಶಾಲೆಯ ಮಕ್ಕಳನ್ನು ಕೂಡಿಸಿಕೊಂಡು ‘ಬೈಬಲಿನ ಮರಗಳು’ ಎಂಬ ದೊಡ್ಡ ಚಿತ್ರಪಟ ಮಾಡುತ್ತಿದ್ದೇನೆ. ಒಟ್ಟು ಹನ್ನೆರಡು ಚೌಕ. ಅಂಜೂರ, ದ್ರಾಕ್ಷಿ, ಎಣ್ಣೆಮರ, ದಾಳಿಂಬೆ, ಖರ್ಜೂರ, ದೇವದಾರು ಎಲ್ಲವೂ ತುಂಬಿದವು. ಒಂದು ಚೌಕ ಮಾತ್ರ ಹತ್ತು ದಿನದಿಂದ ಖಾಲಿ ಕುಳಿತು ನನ್ನ ಮುಖ ನೋಡುತ್ತಿದೆ.

ಆದಿಕಾಂಡ 30:37. ಮಾವ ಲಾಬಾನನ ಕುರಿ ಮೇಯಿಸುತ್ತಿದ್ದ ಯಾಕೋಬ ಮೂರು ಬಗೆಯ ಮರಗಳ ಹಸಿ ಕೋಲು ತಂದು, ತೊಗಟೆಯನ್ನು ಪಟ್ಟೆಪಟ್ಟೆಯಾಗಿ ಸುಲಿದು, ಕುರಿಗಳು ನೀರು ಕುಡಿಯುವ ತೊಟ್ಟಿಯ ಮುಂದೆ ಇಡುತ್ತಾನೆ. ಹೀಬ್ರೂವಿನಲ್ಲಿ ಆ ಮೂರು ಮರಗಳು ಲಿವ್ನೆ, ಲೂಜ್, ಅರ್ಮೋನ್. ನಡುವಿನ ಲೂಜ್ ಅನ್ನು 1611ರ ಇಂಗ್ಲಿಷ್ ಅನುವಾದ ಹೇಝಲ್ ಎನ್ನುತ್ತದೆ. ಇತ್ತೀಚಿನ ಇಂಗ್ಲಿಷ್ ಅನುವಾದಗಳು ಬಾದಾಮಿ ಎನ್ನುತ್ತವೆ. ಹೇಝಲ್ ಎಂದರೇನು ಎಂದು ಮಕ್ಕಳು ಕೇಳಿದರು. ಚಾಕೊಲೇಟಿನೊಳಗೆ ಸಿಗುವ ಗುಂಡು ಬೀಜ ಎಂದೆ. ಅಲ್ಲಿಗೆ ಪಾಠ ಮುಗಿಯಿತು, ಯಾಕೋಬ ಚಾಕೊಲೇಟ್ ತಿನ್ನುತ್ತಿದ್ದನೇ ಎಂಬ ಚರ್ಚೆ ಶುರುವಾಯಿತು.

ಶನಿವಾರ ಪಟ ಗೋಡೆಗೆ ಏರಬೇಕು. ಬಲ್ಲವರು ಹೇಳಿ.

ಶೇಂಗಾ_ಹೋಳಿಗೆ
ಮೊದಲು ಒಂದು ಮಾತು: ದ್ರಾಕ್ಷಿ ಮರವಲ್ಲ, ಬಳ್ಳಿ. ಅಲ್ಲಿಯೇ ಒಂದು ಚೌಕ ಖಾಲಿಯಾಯಿತು ನೋಡಿ.

ಚೌಕದ_ಟೀಚರ್
ಸಹಾಯ ಕೇಳಿದರೆ ಇನ್ನೊಂದು ಚೌಕ ಕಿತ್ತುಕೊಂಡಿರಿ. ಧನ್ಯವಾದ.

ಕೊಲ್ಲಿಯ_ದಿನಸಿ
ಇದರಲ್ಲಿ ಚರ್ಚೆ ಏಕೆ? ನಾನು ದಮಾಮಿನಲ್ಲಿ ಹದಿನಾಲ್ಕು ವರ್ಷ ದಿನಸಿ ಅಂಗಡಿಯಲ್ಲಿದ್ದವನು. ಬಾದಾಮಿ ಚೀಲದ ಮೇಲೆ ಅರಬ್ಬಿಯಲ್ಲಿ ‘ಲೌಜ್’ ಎಂದೇ ಬರೆದಿರುತ್ತದೆ. ಲೂಜ್, ಲೌಜ್. ಅಕ್ಕತಂಗಿಯರು. ಬಾದಾಮಿ ಬರೆದು ಪಟ ಏರಿಸಿ.

ಧಾತುಕೋಶ
ಅಂಗಡಿಯವರು ಹೇಳಿದ್ದೇ ಸರಿ. ಅರಬ್ಬಿಯ ‘ಲೌಜ್’, ಅರಾಮಿಕ್‌ನ ‘ಲೂಜಾ’ ಎರಡೂ ಬಾದಾಮಿಯೇ. ಒಂದೇ ಕುಲದ ಭಾಷೆಗಳು ಒಂದೇ ಪದಕ್ಕೆ ಒಂದೇ ಅರ್ಥ ಇಟ್ಟುಕೊಂಡಿರುವಾಗ ಹೀಬ್ರೂ ಒಂದು ಮಾತ್ರ ಹೇಝಲ್ ಕಡೆಗೆ ಹೊರಳಿತು ಎನ್ನಲು ಬಲವಾದ ಕಾರಣ ಬೇಕು. ಅಂಥ ಕಾರಣ ಯಾರೂ ಕೊಟ್ಟಿಲ್ಲ.

ಸಂದೇಹಿ
ನಾನು ಕೊಡುತ್ತೇನೆ. ಹೀಬ್ರೂವಿನಲ್ಲಿ ಬಾದಾಮಿಗೆ ಆಗಲೇ ‘ಶಾಕೇದ್’ ಎಂಬ ಪದವಿದೆ. ಆರೋನನ ಕೋಲು ಚಿಗುರಿ ಹೂಬಿಟ್ಟು ಕಾಯಿ ಹಿಡಿದದ್ದು ಶಾಕೇದ್ (ಅರಣ್ಯಕಾಂಡ 17:8). ದೀಪಸ್ತಂಭದ ಬಟ್ಟಲುಗಳು ಶಾಕೇದ್ ಹೂವಿನ ಆಕಾರದವು. ಅದೂ ಬೇಡ, ಇದೇ ಆದಿಕಾಂಡದ 43:11ರಲ್ಲಿ ಇದೇ ಯಾಕೋಬ ಮುದುಕನಾದ ಮೇಲೆ ಐಗುಪ್ತಕ್ಕೆ ಕಾಣಿಕೆಯಾಗಿ ಶಾಕೇದ್ ಕಳುಹಿಸುತ್ತಾನೆ. ಒಂದೇ ಪುಸ್ತಕ, ಒಬ್ಬನೇ ಮನುಷ್ಯ, ಒಂದೇ ಮರಕ್ಕೆ ಎರಡು ಹೆಸರೇಕೆ? ಎರಡು ಹೆಸರಿದ್ದರೆ ಎರಡು ಮರ ಇರಬೇಕು.

ಶೇಂಗಾ_ಹೋಳಿಗೆ
ಹಾಗಾದರೆ ನಮ್ಮ ಹುಬ್ಬಳ್ಳಿಯ ಶೇಂಗಾ ಬೇರೆ, ಬಸವನಗುಡಿಯ ಪರಿಷೆಯ ಕಡಲೆಕಾಯಿ ಬೇರೆ ಎನ್ನಿ. ನೆಲಗಡಲೆ ಮೂರನೆಯದು.

ಸಂದೇಹಿ
ಅದು ಊರು ಬೇರೆಯಾದಾಗಿನ ಮಾತು. ಒಬ್ಬನೇ ಮನುಷ್ಯ ಬೆಳಿಗ್ಗೆ ಶೇಂಗಾ ಎಂದು ಸಂಜೆ ಕಡಲೆಕಾಯಿ ಎನ್ನುವುದಿಲ್ಲ.

ಧಾತುಕೋಶ
ಊರು ಬೇರೆಯೇ ಆಗಿತ್ತಲ್ಲ! ಕೋಲು ಸುಲಿಯುವಾಗ ಯಾಕೋಬ ಎಲ್ಲಿದ್ದ? ಕಾನಾನಿನಲ್ಲಿ ಅಲ್ಲ, ಹಾರಾನಿನಲ್ಲಿ, ಅರಾಮ್ಯರ ಮಾವನ ಮನೆಯಲ್ಲಿ. ಮುಂದಿನ ಅಧ್ಯಾಯದಲ್ಲೇ ಮಾವ ಅಳಿಯ ಕಲ್ಲು ರಾಶಿ ಹಾಕಿ ಒಪ್ಪಂದ ಮಾಡಿಕೊಳ್ಳುವಾಗ ಲಾಬಾನ ಆ ರಾಶಿಗೆ ಅರಾಮಿಕ್ ಹೆಸರಿಡುತ್ತಾನೆ, ಯಾಕೋಬ ಹೀಬ್ರೂ ಹೆಸರಿಡುತ್ತಾನೆ (31:47). ಯಾವ ಊರಿನಲ್ಲಿ ಯಾವ ಮಾತು ಎಂಬ ಎಚ್ಚರ ಈ ಕಥೆ ಹೇಳುವವನಿಗೆ ಇದೆ. ಅರಾಮಿನಲ್ಲಿದ್ದಾಗ ಅರಾಮಿಕ್‌ಗೆ ಒಗ್ಗುವ ಲೂಜ್, ಕಾನಾನಿಗೆ ಮರಳಿದ ಮೇಲೆ ಶಾಕೇದ್. ಹುಬ್ಬಳ್ಳಿಯ ಹೆಣ್ಣು ಬೆಂಗಳೂರಿಗೆ ಸೊಸೆಯಾಗಿ ಬಂದು ಎರಡನ್ನೂ ಆಡುವುದಿಲ್ಲವೇ?

ಶೇಂಗಾ_ಹೋಳಿಗೆ
ಆಡುವುದಿಲ್ಲ. ಶೇಂಗಾ ಎಂದೇ ಹೇಳಿ ಮನೆಯವರಿಗೆ ಕಲಿಸುತ್ತಾಳೆ.

ಹಳೆಹೊತ್ತಗೆ
ಧಾತುಕೋಶ ಅವರ ವಾದ ಚಂದ. ಆದರೆ ಸೋರುತ್ತದೆ. ಕಾನಾನಿನಲ್ಲಿಯೇ ಲೂಜ್ ಎಂಬ ಊರಿತ್ತು. ಯಾಕೋಬ ಕಲ್ಲು ತಲೆದಿಂಬು ಮಾಡಿಕೊಂಡು ಮಲಗಿ ಏಣಿಯ ಕನಸು ಕಂಡು ‘ಬೇತೇಲ್’ ಎಂದು ಹೆಸರಿಟ್ಟ ಊರಿನ ಮೊದಲ ಹೆಸರೇ ಲೂಜ್ (28:19). ಅಂದರೆ ಪದ ಅರಾಮಿನಿಂದ ಎರವಲು ಬಂದದ್ದಲ್ಲ, ಕಾನಾನಿನ ಮಣ್ಣಿನಲ್ಲೂ ಇದ್ದದ್ದೇ. ಊರಿನ ಹೆಸರು ಮರದಿಂದ ಬಂದಿದ್ದರೆ ಎಂಬ ಷರತ್ತು ಹಾಕಿಯೇ ಹೇಳುತ್ತಿದ್ದೇನೆ.

ಹೇಝಲ್ ಪಕ್ಷಕ್ಕೆ ದೊಡ್ಡ ಸಾಕ್ಷಿ ಯಾರು ಗೊತ್ತೇ? ರಾಶಿ. ಯಹೂದಿ ವ್ಯಾಖ್ಯಾನಕಾರರಲ್ಲಿ ಮೊದಲು ತೆರೆಯುವ ಹೆಸರು, 1040ರಿಂದ 1105ರವರೆಗೆ ಬದುಕಿದ್ದವನು. ಈ ವಚನಕ್ಕೆ ಅವನು ಬರೆದದ್ದು: ಲೂಜ್ ಎಂದರೆ ಸಣ್ಣ ಕಾಯಿಗಳು ಬಿಡುವ ಮರ. ಜೊತೆಗೆ ತನ್ನ ಕಾಲದ ಫ್ರೆಂಚಿನ ‘ಕೂದ್ರ್’ ಎಂಬ ಪದ ಕೊಡುತ್ತಾನೆ. ಅದು ಹೇಝಲ್. ಅರ್ಮೋನ್‌ಗೂ ಫ್ರೆಂಚಿನಲ್ಲೇ ಚೆಸ್ಟ್‌ನಟ್ ಎನ್ನುತ್ತಾನೆ. ಆಮೇಲೆ ಲೂಥರನ ಜರ್ಮನ್ ಅನುವಾದದಲ್ಲಿ ಹೇಝಲ್ ಮತ್ತು ಚೆಸ್ಟ್‌ನಟ್, 1611ರ ಇಂಗ್ಲಿಷಿನಲ್ಲಿ ಅದೇ ಜೋಡಿ. ಲೂಥರ್ ನೇರವಾಗಿ ರಾಶಿಯನ್ನು ನೋಡಿ ಬರೆದ ಎಂದು ನಾನು ಹೇಳುತ್ತಿಲ್ಲ, ಗುಂಪು ಯಾವುದು ಎಂದು ತೋರಿಸುತ್ತಿದ್ದೇನೆ.

ಸಂದೇಹಿ
ಕೇಳಿದಿರಾ ದಿನಸಿ ಅಂಗಡಿಯವರೇ? ರಾಶಿಯೇ ನನ್ನ ಕಡೆ.

ಕೊಲ್ಲಿಯ_ದಿನಸಿ
ರಾಶಿ ಎಲ್ಲಿಯವನು?

ಹಳೆಹೊತ್ತಗೆ
ಫ್ರಾನ್ಸಿನ ತ್ರುವಾ ಪಟ್ಟಣದವನು.

ಕೊಲ್ಲಿಯ_ದಿನಸಿ
ಅಲ್ಲಿ ಹಿತ್ತಲಲ್ಲಿ ಏನು ಬೆಳೆಯುತ್ತದೆ?

ಹಳೆಹೊತ್ತಗೆ
ಹೇಝಲ್. ನಿಮ್ಮ ಮಾತು ಅರ್ಥವಾಯಿತು.

ಸರಿ, ಅದೇ ಲೆಕ್ಕವನ್ನು ಪೂರ್ತಿ ಮಾಡೋಣ. ಲೂಥರ್ ಇದ್ದದ್ದು ಜರ್ಮನಿಯಲ್ಲಿ. 1611ರವರು ಇಂಗ್ಲೆಂಡಿನಲ್ಲಿ. ಎರಡೂ ಕಡೆ ಹೇಝಲ್ ಬೇಲಿಯ ಗಿಡದಂತೆ ಬೆಳೆಯುತ್ತದೆ. ಇನ್ನೊಂದು ಕಡೆ ಜೆರೋಮ್. ಬೈಬಲನ್ನು ಲ್ಯಾಟಿನ್ನಿಗೆ ತಂದವನು, 386ರಲ್ಲಿ ಬೇತ್ಲೆಹೇಮಿಗೇ ಹೋಗಿ ನೆಲೆಸಿದವನು, ಹೀಬ್ರೂವನ್ನು ಯಹೂದಿಗಳ ಬಳಿಯೇ ಕಲಿತವನು. ಅವನು ಲೂಜ್ ಅನ್ನು ಬಾದಾಮಿ ಎಂದ, ಅರ್ಮೋನ್ ಅನ್ನು ಪ್ಲೇನ್ ಮರ ಎಂದ. ಕಾಶ್ಮೀರದಲ್ಲಿ ಚಿನಾರ್ ಎನ್ನುತ್ತಾರಲ್ಲ, ಅದು. ಯಾರು ಎಲ್ಲಿ ಕುಳಿತು ಬರೆದರೋ ಅಲ್ಲಿಯ ಕಿಟಕಿಯಿಂದ ಕಂಡ ಮರ ಗ್ರಂಥದೊಳಗೆ ಬಂದು ನಿಂತಿದೆ. ಜೆರೋಮನ ಕಿಟಕಿ ಸರಿಯಾದ ಊರಿನಲ್ಲಿತ್ತು ಅಷ್ಟೆ.

ಸಂದೇಹಿ
ಅಷ್ಟು ಸುಲಭವಲ್ಲ. ರಾಶಿಗೆ ಬಾದಾಮಿ ಗೊತ್ತಿತ್ತು. ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ ಬರುವ ಶಾಕೇದ್‌ಗೆ ಅವನು ಫ್ರೆಂಚಿನ ಬಾದಾಮಿ ಪದವನ್ನೇ ಕೊಟ್ಟಿದ್ದಾನೆ. ಗೊತ್ತಿದ್ದೂ ಲೂಜ್‌ಗೆ ಬೇರೆ ಪದ ಬಳಸಿದ ಎಂದರೆ ಅವನ ಪಾಠಪರಂಪರೆಯಲ್ಲಿ ಎರಡೂ ಬೇರೆ ಎಂದೇ ಇತ್ತು. ಮತ್ತೆ ಗ್ರೀಕ್ ಅನುವಾದವೂ ಇಲ್ಲಿ ಬಾದಾಮಿ ಎನ್ನುವುದಿಲ್ಲ, ‘ಕರೂವಿನೇನ್’ ಎನ್ನುತ್ತದೆ. ಅದು ಆಕ್ರೋಟಿನ ಪದ.

ಧಾತುಕೋಶ
ಗ್ರೀಕಿನ ‘ಕರೂವೊನ್’ ಗಟ್ಟಿ ಸಿಪ್ಪೆಯ ಯಾವ ಕಾಯಿಗೂ ಒಪ್ಪುವ ಪದ. ಆಕ್ರೋಟು ಅದರ ಒಂದು ಅರ್ಥ. ಅದನ್ನು ಹೇಝಲ್ ಪಕ್ಷಕ್ಕೆ ಎಳೆದರೆ ಬಾದಾಮಿ ಪಕ್ಷಕ್ಕೂ ಎಳೆಯಬಹುದು.

ತೋಟದ_ಹುಳು
ಪದ, ಪದ, ಪದ. ಯಾರಾದರೂ ಮಣ್ಣು ನೋಡಿದಿರಾ? ಹಾರಾನ್ ಇಂದಿನ ಟರ್ಕಿಯ ಆಗ್ನೇಯ ಮೂಲೆಯಲ್ಲಿ, ಊರ್ಫಾ ಪಟ್ಟಣದ ಕೆಳಗಿನ ಬಯಲಿನಲ್ಲಿದೆ. ಬೇಸಿಗೆಯಲ್ಲಿ ಸುಡುವ ಒಣ ಬಯಲು. ಹೇಝಲ್‌ಗೆ ತಂಪು ಬೇಕು, ಮಳೆ ಬೇಕು. ಟರ್ಕಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಹೇಝಲ್ ಬೆಳೆಯುವ ದೇಶ, ನಿಜ. ಆದರೆ ಬೆಳೆಯುವುದು ಎಲ್ಲಿ? ಉತ್ತರದಲ್ಲಿ, ಕಪ್ಪು ಸಮುದ್ರದ ದಂಡೆಯ ಓರ್ದು, ಗಿರೆಸುನ್ ಕಡೆಯ ತೊಯ್ದ ಬೆಟ್ಟಗಳಲ್ಲಿ. ಊರ್ಫಾ ಕಡೆ ಬೆಳೆಯುವುದು ಪಿಸ್ತಾ. ಆಗುಂಬೆಯಲ್ಲಿ ಬೆಳೆಯುತ್ತದೆ ಎಂದು ರಾಯಚೂರಿನಲ್ಲಿ ಹುಡುಕಿದಂತಾಯಿತು ನಿಮ್ಮ ಹೇಝಲ್.

ಬಾದಾಮಿಗೆ ಒಣಭೂಮಿಯೇ ಇಷ್ಟ. ಆ ಸೀಮೆಯ ಕಲ್ಲುಗುಡ್ಡಗಳಲ್ಲಿ ಅದರ ಕಾಡು ನೆಂಟರು ಈಗಲೂ ಇವೆ. ಕುರಿ ಕಾಯುವವನ ಕೈಗೆ ಸಿಗುವ ಕೋಲು ಹತ್ತಿರದ್ದೇ ಹೊರತು ಹಲವು ದಿನದ ದಾರಿ ನಡೆದು ತಂದದ್ದಲ್ಲ.

ಸಂದೇಹಿ
ಸರಿ, ಮಣ್ಣಿನ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೂ ಎರಡು ಹೆಸರಿನ ಪ್ರಶ್ನೆ ಹಾಗೆಯೇ ಉಳಿಯಿತು.

ಹಳೆಹೊತ್ತಗೆ
ಅದಕ್ಕೆ ನನಗೆ ಕಂಡ ಒಳ್ಳೆಯ ಉತ್ತರ ಜೆರುಸಲೇಮಿನ ತಾಲ್ಮೂದಿನಲ್ಲಿದೆ, ಅಂದರೆ ಯಹೂದಿ ಧರ್ಮಗುರುಗಳ ಚರ್ಚೆಗಳ ಹಳೆಯ ಸಂಗ್ರಹದಲ್ಲಿ. ಉಪವಾಸಗಳ ಬಗೆಗಿನ ಭಾಗದಲ್ಲಿ ಯೆರೆಮೀಯ ಕಂಡ ಶಾಕೇದ್ ಕೋಲಿನ ಮಾತು ಬರುತ್ತದೆ. ಅದನ್ನು ವಿವರಿಸುತ್ತ ಒಬ್ಬ ರಬ್ಬಿ (ಯಹೂದಿ ಗುರು) ಹೇಳುವುದೇನೆಂದರೆ, ಈ ಲೂಜ್ ಹೂ ಬಿಟ್ಟ ದಿನದಿಂದ ಕಾಯಾಗುವವರೆಗೆ ಹೇಗೆ ಇಪ್ಪತ್ತೊಂದು ದಿನವೋ, ಹಾಗೆಯೇ ಜೆರುಸಲೇಮಿನ ಗೋಡೆ ಒಡೆದ ದಿನದಿಂದ ದೇವಾಲಯ ಬೀಳುವವರೆಗೆ ಇಪ್ಪತ್ತೊಂದು ದಿನ. ಯಹೂದಿ ತಿಂಗಳುಗಳಾದ ತಮ್ಮೂಜ್ ಹದಿನೇಳರಿಂದ ಆವ್ ಒಂಬತ್ತರವರೆಗಿನ ಲೆಕ್ಕ ಅದು.

ಗಮನಿಸಿ. ಗ್ರಂಥದ ಪದ ಶಾಕೇದ್. ರಬ್ಬಿ ಬಾಯಿಗೆ ಬಂದದ್ದು ಲೂಜ್. ಅದೇ ನೆಲದಲ್ಲಿದ್ದ ಜನಕ್ಕೆ ಎರಡೂ ಒಂದೇ ಮರ. ಒಂದು ಪುಸ್ತಕದ ಹೆಸರು, ಇನ್ನೊಂದು ಆಡುವ ಹೆಸರು.

ತೋಟದ_ಹುಳು
ಇಪ್ಪತ್ತೊಂದು ದಿನವೇ? ಬಾದಾಮಿ ಫೆಬ್ರವರಿಯಲ್ಲಿ ಹೂ ಬಿಟ್ಟರೆ ಕೊಯ್ಲು ಆಗಸ್ಟಿನಲ್ಲಿ. ರಬ್ಬಿಗೆ ತೋಟ ಇರಲಿಲ್ಲ.

ಹಳೆಹೊತ್ತಗೆ
ರಬ್ಬಿಯ ಲೆಕ್ಕ ತಪ್ಪಿರಲಿ, ನನ್ನ ವಾದ ಅವನು ಮರವನ್ನು ಏನೆಂದು ಕರೆದ ಎಂಬುದರ ಮೇಲೆ ನಿಂತಿದೆ.

ಗುಡ್ಡದ_ಮನೆಯ_ನರ್ಸ್
ಜೆರುಸಲೇಮಿನಿಂದ ಬರೆಯುತ್ತಿದ್ದೇನೆ. ಮಂಗಳೂರಿನವಳು, ಇಲ್ಲಿ ಒಬ್ಬ ವೃದ್ಧೆಯನ್ನು ನೋಡಿಕೊಳ್ಳುವ ಕೆಲಸ. ಎರಡು ವಿಷಯ.

ಒಂದು, ಬಾದಾಮಿ ಹೂ. ಜನವರಿಯ ಕೊನೆಗೆ, ಫೆಬ್ರವರಿ ಮೊದಲಿಗೆ, ಉಳಿದ ಮರಗಳೆಲ್ಲ ಬೋಳಾಗಿ ಚಳಿಯಲ್ಲಿ ನಡುಗುವಾಗ ಇದೊಂದು ಎದ್ದು ನಿಲ್ಲುತ್ತದೆ. ಎಲೆಯೇ ಇಲ್ಲ, ಬರೀ ಹೂ, ದೂರಕ್ಕೆ ಬಿಳಿ, ಹತ್ತಿರಕ್ಕೆ ನಸುಗೆಂಪು. ನಮ್ಮ ಅಜ್ಜಿ ಗಾಲಿಕುರ್ಚಿಯನ್ನು ಕಿಟಕಿಗೆ ತಳ್ಳಿಸಿಕೊಂಡು ‘ಶಾಕೇದ್, ಶೋಕೇದ್’ ಎಂದು ಎರಡು ಸಲ ಹೇಳುತ್ತಾರೆ. ಶೋಕೇದ್ ಎಂದರೆ ಕಣ್ಣಿಟ್ಟು ಕಾಯುವವನು. ಯೆರೆಮೀಯ 1:11ರಲ್ಲಿ ಪ್ರವಾದಿ ಬಾದಾಮಿಯ ಕೋಲನ್ನು ಕಾಣುತ್ತಾನೆ, ಮರುವಚನದಲ್ಲಿ ದೇವರು ನನ್ನ ಮಾತನ್ನು ನೆರವೇರಿಸಲು ಕಾದು ನೋಡುತ್ತಿದ್ದೇನೆ ಎನ್ನುತ್ತಾನೆ. ಆ ಪದಗಳ ಆಟ ನಮ್ಮ ಭಾಷೆಗೆ ಬರುವಾಗ ದಾರಿಯಲ್ಲೇ ಉದುರಿ ಹೋಗಿದೆ. ಇಲ್ಲಿ ಬಂದ ಮೇಲೆಯೇ ನನಗೆ ಅದು ತಿಳಿದದ್ದು.

ಎರಡು, ಇದು ಸಂದೇಹಿಯವರಿಗೆ ಖುಷಿ ಕೊಡುತ್ತದೆ. ಇಲ್ಲಿನ ಮಾರುಕಟ್ಟೆಯಲ್ಲಿ ‘ಎಗೋಜೇ ಲೂಜ್’ ಎಂದು ಕೇಳಿದರೆ ಹೇಝಲ್ ಕಾಯಿಯನ್ನೇ ತೂಗಿಕೊಡುತ್ತಾರೆ!

ಸಂದೇಹಿ
ಅಜ್ಜಿಗೆ ನನ್ನ ನಮಸ್ಕಾರ. ಇನ್ನೇನು ಬೇಕು?

ಧಾತುಕೋಶ
ತಾಳಿ, ತಾಳಿ. ಅದು ಇಂದಿನ ಹೀಬ್ರೂ. ಇಂದಿನ ಹೀಬ್ರೂವಿನಲ್ಲಿ ಯಾಕೋಬನ ಮೂರೂ ಕೋಲುಗಳು ಯುರೋಪಿಗೆ ವಲಸೆ ಹೋಗಿವೆ: ಲಿವ್ನೆ ಎಂದರೆ ಬರ್ಚ್, ಅಂದರೆ ನಮ್ಮ ಭೂರ್ಜದ ಜಾತಿ. ಲೂಜ್ ಹೇಝಲ್. ಅರ್ಮೋನ್ ಚೆಸ್ಟ್‌ನಟ್. ಹಳೆಯ ಹೆಸರುಗಳನ್ನು ಯುರೋಪಿನ ಮರಗಳಿಗೆ ಅಂಟಿಸಲಾಗಿದೆ. ಅಂಟಿಸಿದ ಚೀಟಿಯನ್ನೇ ಸಾಕ್ಷಿ ಎಂದರೆ ಹೇಗೆ?

ಇದಕ್ಕಿಂತ ತಮಾಷೆಯದು ‘ಬೊತ್ನೀಮ್’. ಆದಿಕಾಂಡ 43:11ರಲ್ಲಿ ಬಾದಾಮಿಯ ಜೊತೆಗೇ ಐಗುಪ್ತಕ್ಕೆ ಹೋದ ಕಾಯಿ. ಅರಬ್ಬಿಯ ‘ಬುತ್ಮ್’ ಎಂಬ ಮರದ ಹೆಸರಿಗೆ ಸಮೀಪದ ಪದ. ಪಿಸ್ತಾ ಅಥವಾ ಅದರ ಕಾಡು ಜಾತಿ ಎಂದು ಹೆಚ್ಚಿನವರ ಮತ. ಈಗ ಇಸ್ರೇಲಿನ ಅಂಗಡಿಯಲ್ಲಿ ಬೊತ್ನೀಮ್ ಎಂದು ಕೇಳಿದರೆ ಏನು ಕೊಡುತ್ತಾರೆ? ನರ್ಸಮ್ಮ ಹೇಳಲಿ.

ಗುಡ್ಡದ_ಮನೆಯ_ನರ್ಸ್
ಕಡಲೆಕಾಯಿ.

ಶೇಂಗಾ_ಹೋಳಿಗೆ
ಶೇಂಗಾ! ಯಾಕೋಬ ಫರೋಹನ ಅಧಿಕಾರಿಗೆ ಶೇಂಗಾ ಕಳುಹಿಸಿದ! ನನಗೆ ಮೊದಲೇ ಗೊತ್ತಿತ್ತು.

ಧಾತುಕೋಶ
ಶೇಂಗಾ ದಕ್ಷಿಣ ಅಮೆರಿಕದ್ದು ಸ್ವಾಮಿ. ಯಾಕೋಬನ ಕಾಲಕ್ಕೆ ಅದು ಸಾಗರದ ಆಚೆ ಇತ್ತು. ಕೊಲಂಬಸ್ ಹೋಗಿ ಬಂದ ನಂತರವೇ ಈ ಕಡೆ ದಾಟಿದ್ದು.

ಅಡಿಕೆಪತ್ರ
ಹೆಸರು ಹೀಗೆ ಮೈ ಬದಲಿಸುವುದು ನಮ್ಮಲ್ಲಿಯೂ ಇದೆ. ಗೇರು ಎಂದರೆ ಈಗ ಎಲ್ಲರಿಗೂ ಗೋಡಂಬಿಯ ಮರ. ಅದು ಬ್ರೆಜಿಲಿನಿಂದ ಪೋರ್ಚುಗೀಸರೊಂದಿಗೆ ಬಂದ ಮರ. ಅದಕ್ಕೂ ಮೊದಲಿನ ಗೇರು ಬೇರೆ: ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿ, ಸೊನೆ ತಾಗಿದರೆ ಮೈ ಬೊಬ್ಬೆ ಏಳುವ ಮರ. ಹೊಸಬ ಬಂದು ಹೆಸರನ್ನು ಹೊತ್ತುಕೊಂಡು ಹೋದ. ಹಳಬನಿಗೆ ‘ಕರಿ’ ಸೇರಿಸಿ ಕರಿಗೇರು ಎಂದು ಕರೆದೆವು. ಮುನ್ನೂರು ವರ್ಷದ ನಂತರ ಯಾರಾದರೂ ಹಳಗನ್ನಡದಲ್ಲಿ ಗೇರು ಎಂದು ಕಂಡು ಗೋಡಂಬಿ ಬರ್ಫಿ ಎಂದುಕೊಂಡರೆ ಅವರನ್ನು ಬೈಯಲಾಗದು. ಚಿಕ್ಕಂದಿನಲ್ಲಿ ಆ ಕರಿಗೇರಿನ ಸೊನೆ ನನ್ನ ಕೆನ್ನೆಗೆ ತಾಗಿ ಹತ್ತು ದಿನ ಶಾಲೆಗೆ ಹೋಗಿರಲಿಲ್ಲ, ಅದು ಬೇರೆ ಕಥೆ.

ಸಂದೇಹಿ
ಗೇರಿನ ಉದಾಹರಣೆ ನನ್ನ ಬಾಯಿ ಕಟ್ಟಿತು. ಮುಕ್ಕಾಲು ಪಾಲು ಒಪ್ಪಿದೆ. ಕಾಲು ಪಾಲು ರಾಶಿಯ ಮರ್ಯಾದೆಗೆ ಇಟ್ಟುಕೊಳ್ಳುತ್ತೇನೆ.

ಒಗಟು_ಬಿಡಿಸುವವ
ತಡವಾಗಿ ಬಂದೆ. ನೀವೆಲ್ಲ ಯಾವ ಮರ ಎಂದು ಕೇಳುತ್ತಿದ್ದೀರಿ, ಈ ಮೂರೇ ಮರ ಏಕೆ ಎಂದು ಯಾರೂ ಕೇಳಲಿಲ್ಲ. ಲಾಬಾನ್ ಎಂಬ ಹೆಸರಿನ ಅರ್ಥವೇ ಬಿಳಿ. ಲಿವ್ನೆ ಅದೇ ಧಾತುವಿನ ಬಿಳಿಮರ. ಕೋಲು ಸುಲಿದಾಗ ಕಾಣುವುದೂ ‘ಲಾವಾನ್’, ಬಿಳಿ. ಅರ್ಮೋನ್ ಎಂದರೆ ತೊಗಟೆ ಕಳಚಿ ಬೆತ್ತಲಾಗುವ ಚಿನಾರ್, ಅದೇ ಅಕ್ಷರಗಳಲ್ಲಿ ಏದೆನಿನ ಹಾವಿನ ‘ಆರೂಮ್’, ಅಂದರೆ ಜಾಣತನವೂ ಅಡಗಿದೆ. ಲೂಜ್ ಎಂಬ ಅಕ್ಷರಗಳೇ ಕ್ರಿಯಾಪದವಾದರೆ ದಾರಿ ಬಿಟ್ಟು ಓರೆಯಾಗುವುದು. ಜ್ಞಾನೋಕ್ತಿ 3:32ರ ವಕ್ರಬುದ್ಧಿಯವನು ‘ನಾಲೋಜ್’. ಬಿಳಿಯ, ವಕ್ರ, ಜಾಣ. ಮಾವನಿಗೆ ಅಳಿಯ ಮರದಲ್ಲೇ ಬೈದಿದ್ದಾನೆ.

ತೋಟದ_ಹುಳು
ಕುರಿ ಕಾಯುವವನು ಕೋಲು ಕಡಿಯುವಾಗ ಇಷ್ಟೆಲ್ಲ ಯೋಚಿಸುತ್ತಾನೆಯೇ?

ಒಗಟು_ಬಿಡಿಸುವವ
ಕಡಿದವನು ಯೋಚಿಸಲಿಕ್ಕಿಲ್ಲ. ಕಥೆ ಹೇಳಿದವನು ಯೋಚಿಸಿದ್ದಾನೆ.

ಕೊಲ್ಲಿಯ_ದಿನಸಿ
ನಾನು ಮೂರನೆಯ ಉತ್ತರದಲ್ಲಿಯೇ ಹೇಳಿದ್ದೆ, ಬಾದಾಮಿ ಎಂದು. ಯಾರೂ ಕೇಳಲಿಲ್ಲ.

ಹಳೆಹೊತ್ತಗೆ
ಹೋಗುವ ಮುನ್ನ ಒಂದು ಚೂರು. ಬೆನ್ನುಮೂಳೆಯಲ್ಲಿ ಎಂದೂ ನಾಶವಾಗದ ಒಂದು ಸಣ್ಣ ಎಲುಬು ಇದೆ, ಸತ್ತವರು ಏಳುವಾಗ ಅದರಿಂದಲೇ ಮೈ ಮತ್ತೆ ಚಿಗುರುತ್ತದೆ ಎಂದು ಯಹೂದಿ ಕಥೆಗಳಲ್ಲಿ ಬರುತ್ತದೆ. ಅದರ ಹೆಸರೂ ಲೂಜ್. ರೋಮಿನ ಹದ್ರಿಯನ್ ಚಕ್ರವರ್ತಿ ರಬ್ಬಿ ಯೆಹೋಶುವನನ್ನು ಇದರ ಬಗ್ಗೆ ಕೇಳಿದಾಗ ರಬ್ಬಿ ಆ ಎಲುಬನ್ನು ಬೀಸುಕಲ್ಲಿಗೆ ಹಾಕಿಸಿದರೂ ಅರೆಯಲಿಲ್ಲ, ಬೆಂಕಿಗೆ ಹಾಕಿದರೂ ಸುಡಲಿಲ್ಲ, ಸುತ್ತಿಗೆಯಿಂದ ಹೊಡೆದರೆ ಅಡಿಗಲ್ಲೇ ಒಡೆಯಿತು. ಪ್ರಸಂಗಿ 12:5ರ ‘ಶಾಕೇದ್ ಹೂ ಬಿಡುವುದು’ ಎಂಬ ಮಾತಿಗೆ ಹೇಳಿದ ಕಥೆ ಇದು. ಅಲ್ಲಿಯೂ ಶಾಕೇದ್ ಮತ್ತು ಲೂಜ್ ಒಂದೇ ಕೊಂಬೆಯಲ್ಲಿ.

ಚೌಕದ_ಟೀಚರ್
ಎಲ್ಲರಿಗೂ ಧನ್ಯವಾದ. ಬಾದಾಮಿ ಎಂದು ದಪ್ಪ ಅಕ್ಷರದಲ್ಲಿ ಬರೆದಾಯಿತು. ದ್ರಾಕ್ಷಿಯನ್ನು ತೆಗೆದಿಲ್ಲ, ಶೀರ್ಷಿಕೆಗೆ ‘ಬಳ್ಳಿಗಳು’ ಸೇರಿಸಿದೆ. ಚಿತ್ರವನ್ನು ಏಳನೆಯ ತರಗತಿಯ ಹುಡುಗ ಚರ್ಚಿನ ಎದುರಿನ ಬಸ್ ನಿಲ್ದಾಣದ ಬಾದಾಮಿ ಮರವನ್ನು ನೋಡಿಯೇ ಬರೆದ. ಅಂಗೈಗಿಂತ ಅಗಲದ ಎಲೆಗಳು, ಒಂದೆರಡು ಕೆಂಪು ಎಲೆಗಳನ್ನೂ ಎಷ್ಟು ಚೆನ್ನಾಗಿ ತೋರಿಸಿದ್ದಾನೆ ನೋಡಿ. ಚಿತ್ರ ಲಗತ್ತಿಸಿದ್ದೇನೆ.

ತೋಟದ_ಹುಳು
ಟೀಚರ್, ಅದು ಕಾಡುಬಾದಾಮಿ. ನಾವು ಚಿಕ್ಕವರಿದ್ದಾಗ ಕಲ್ಲಿನಿಂದ ಜಜ್ಜಿ ಬೀಜ ತಿನ್ನುತ್ತಿದ್ದ ಮರ. ಯಾಕೋಬನ ಬಾದಾಮಿಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಅಸಲಿ ಬಾದಾಮಿಯ ಎಲೆ ಪೀಚ್ ಎಲೆಯ ಹಾಗೆ ಕಿರಿದು, ನೀಳ.

ಗುಡ್ಡದ_ಮನೆಯ_ನರ್ಸ್
ನಾಳೆ ಬೆಳಿಗ್ಗೆ ಕೆಳಗಿನ ರಸ್ತೆಯ ಮರದ ಫೋಟೋ ಕಳುಹಿಸುತ್ತೇನೆ. ಹುಡುಗನಿಗೆ ರಬ್ಬರ್ ರೆಡಿ ಇಟ್ಟುಕೊಳ್ಳಲು ಹೇಳಿ.

ಚೌಕದ_ಟೀಚರ್
ಅವನು ಬಣ್ಣ ತುಂಬಿಬಿಟ್ಟಿದ್ದಾನೆ.